ಕುದುರೆಯ ಪಕ್ಕೆಗೆ ಕಿವಿಯಿಟ್ಟವರು

ಈ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಕುದುರೆಯ ಶ್ವಾಸಕೋಶದ ಬಗ್ಗೆ ಬರೆಯುತ್ತೇನೆಂದೆ. ಅವರು ನಕ್ಕರು. "ನಮ್ಮಲ್ಲಿ ಎಲ್ಲಿದೆ ಮಾರಾಯ್ರೇ ಕುದುರೆ? ದನದ ವಿಷಯ ಬರೆಯಿರಿ" ಎಂದರು. ಅವರ ಮಾತು ನ್ಯಾಯವಾದುದೇ. ಮೂವತ್ತು ವರ್ಷ ಕಾಸರಗೋಡಿನ ಗುಡ್ಡ ಬಯಲುಗಳಲ್ಲಿ ದನದ ಡಾಕ್ಟರನಾಗಿ ತಿರುಗಿದವನು ನಾನು. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತುಳು, ತೋಡು ದಾಟಿದರೆ ಮಲಯಾಳ. ಹಟ್ಟಿಯೊಳಗಿನ ರೋಗಿಗೆ ಮಾತ್ರ ಮೂರರಲ್ಲಿ ಯಾವುದೂ ಬೇಡ. ಈ ಸೇವೆಯಲ್ಲಿ ನನ್ನ ಕೈಗೆ ಬಂದ ಕುದುರೆಗಳನ್ನು ಬೆರಳಿನಲ್ಲಿ ಎಣಿಸಬಹುದು. ಆದರೂ ನನ್ನ ವೃತ್ತಿಯ ಮೊದಲ ಪಾಠವನ್ನು ಕಲಿಸಿದ್ದು ಒಂದು ಕುದುರೆ. ಆ ಪಾಠದ ಹಿಂದೆ ಒಂದು ದೊಡ್ಡ ಚರಿತ್ರೆ ಇದೆಯೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಎರಡನ್ನೂ ಇಲ್ಲಿ ಸೇರಿಸಿ ಹೇಳುತ್ತೇನೆ.

ನಮ್ಮ ಕರಾವಳಿಗೂ ಕುದುರೆಗೂ ಸಂಬಂಧವಿಲ್ಲವೆಂದು ಓದುಗರು ಭಾವಿಸಬಾರದು. ಕನ್ನಡದ 'ಕುದುರೆ' ಮಲಯಾಳದಲ್ಲಿ 'ಕುದಿರ'. ಪ್ರಾಣಿ ದೂರದ್ದಾದರೂ ಹೆಸರು ಹತ್ತಿರದ್ದೇ. ಅರಬಸ್ಥಾನದಿಂದ, ಹೊರ್ಮುಜಿನಿಂದ ಹಡಗಿನಲ್ಲಿ ಬಂದ ಕುದುರೆಗಳು ಕಣ್ಣೂರು, ಭಟ್ಕಳ, ಗೋವೆಗಳಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಅಲ್ಲಿನ ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಅದಕ್ಕೂ ಮೊದಲಿನ ಸಾಳುವ ನರಸಿಂಹನ ಬಗ್ಗೆ ಅವನು ಹೇಳುವ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಕುದುರೆ ಬದುಕಿರಲಿ ಸತ್ತಿರಲಿ, ಸಾವಿರ ಪರ್ದಾವಿಗೆ ಮೂರರಂತೆ ಅರಸನು ಹಣ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತವುಗಳ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕು.

ಬಾಲಕ್ಕೂ ಬೆಲೆ ಕೊಡಬೇಕಾದ ಸ್ಥಿತಿ ಬಂದಿದ್ದರೆ ದಾರಿಯಲ್ಲಿ ಸಾಯುವ ಕುದುರೆಗಳು ಎಷ್ಟಿದ್ದಿರಬೇಕು! ನೀರಿನ ಕೊರತೆ, ಬಿರುಗಾಳಿ, ಹುಲ್ಲಿನ ಕೊರತೆ ಎಲ್ಲವೂ ಕಾರಣವಾಗಿರಬಹುದು. ಆದರೆ ಇಂದಿನ ಪಶುವೈದ್ಯರಿಗೆ ಗೊತ್ತಿರುವ ಇನ್ನೊಂದು ಕಾರಣವಿದೆ. ಕುದುರೆ ದಿನದ ಬಹುಪಾಲು ತಲೆ ತಗ್ಗಿಸಿ ಮೇಯುವ ಪ್ರಾಣಿ. ಹಾಗೆ ತಗ್ಗಿಸಿದಾಗಲೇ ಅದರ ಶ್ವಾಸನಾಳದ ಕಫ ಕೆಳಗಿಳಿದು ಹೊರಗೆ ಬರುವುದು. ಪ್ರಯಾಣದಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಿದರೆ ಒಂದು ದಿನ ಕಳೆಯುವುದರೊಳಗೆ ಬಾಯಿ ಗಂಟಲಿನ ರೋಗಾಣುಗಳು ಕೆಳಗಿನ ಶ್ವಾಸನಾಳದಲ್ಲಿ ಮನೆಮಾಡತೊಡಗುತ್ತವೆ. ಮುಂದೆ ಅದು ಶ್ವಾಸಕೋಶದ ಮತ್ತು ಎದೆಯ ಒಳಪೊರೆಯ ಉರಿಯೂತವಾಗುತ್ತದೆ. ಇಂದು ಲಾರಿಯಲ್ಲಿ, ವಿಮಾನದಲ್ಲಿ ಹೋಗುವ ಪಂದ್ಯದ ಕುದುರೆಗಳಿಗೂ ಈ ರೋಗ ಬರುತ್ತದೆ. ವಾರಗಟ್ಟಲೆ ಹಡಗಿನಲ್ಲಿ ನಿಂತುಬಂದ ಕುದುರೆಗಳ ಪಾಡನ್ನು ಊಹಿಸಬಹುದು.

ಕುದುರೆಯ ವೈದ್ಯಕ್ಕೆ ನಮ್ಮಲ್ಲಿ ಗ್ರಂಥಗಳ ಕೊರತೆಯೂ ಇರಲಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬಂದ ಸಂಸ್ಕೃತ ಪರಂಪರೆ ಇದೆ. ಕನ್ನಡದಲ್ಲಿಯೇ ಅಭಿನವಚಂದ್ರನು ಸುಮಾರು 1400ರಲ್ಲಿ ಅಶ್ವವೈದ್ಯವನ್ನು ಬರೆದ. ಚಾಲುಕ್ಯರ ಕೀರ್ತಿವರ್ಮ ಅದಕ್ಕೂ ಮೂರು ಶತಮಾನ ಮೊದಲು ಗೋವೈದ್ಯವನ್ನು ಬರೆದಿದ್ದ. ನಮ್ಮ ಭಾಷೆಯಲ್ಲಿ ಕಾವ್ಯ, ವ್ಯಾಕರಣಗಳ ಜೊತೆಗೆ ಹಟ್ಟಿ ಲಾಯಗಳ ಶಾಸ್ತ್ರವೂ ಬಹಳ ಹಿಂದೆಯೇ ಬಂದಿತ್ತೆಂಬುದನ್ನು ಗಡಿನಾಡಿನ ನಾವು ಮಕ್ಕಳಿಗೆ ಹೇಳಬೇಕು.

ಇನ್ನು ನನ್ನ ಕಥೆ. ಬೆಂಗಳೂರಿನ ಹೆಬ್ಬಾಳದಲ್ಲಿ ಓದು ಮುಗಿಸಿ, ತರಬೇತಿಗೆಂದು ಕೆಲವು ತಿಂಗಳು ಮೈಸೂರಿನಲ್ಲಿದ್ದೆ. 1978ನೆಯ ಇಸವಿ. ಆಗ ಮೈಸೂರಿನ ಬೀದಿಗಳಲ್ಲಿ ಟಾಂಗಾಗಳು ಸಾಕಷ್ಟಿದ್ದವು. ಒಂದು ಬೆಳಿಗ್ಗೆ ಟಾಂಗಾ ನಿಲ್ದಾಣದ ಹತ್ತಿರ ಹೋಗುತ್ತಿದ್ದಾಗ ವಯಸ್ಸಾದ ಗಾಡಿಯವರೊಬ್ಬರು ನನ್ನನ್ನು ಗುರುತಿಸಿ ಕರೆದರು. ಅವರ ಬಿಳಿ ಕುದುರೆ ಎರಡು ತಿಂಗಳಿಂದ ಕೆಮ್ಮುತ್ತಿತ್ತು, ಸೊರಗಿತ್ತು, ಮೂಗಿನಿಂದ ಹಳದಿ ಸಿಂಬಳ ಇಳಿಯುತ್ತಿತ್ತು. "ಏನಾಗಿದೆ ಸ್ವಾಮಿ ಇದಕ್ಕೆ?" ಎಂದು ಕೇಳಿದರು. ಸುತ್ತ ಏಳೆಂಟು ಗಾಡಿಯವರು ಸೇರಿದ್ದರು. ಹೊಸದಾಗಿ ಡಾಕ್ಟರಾದವನಿಗೆ ಹತ್ತು ಜನ ಸೇರಿದರೆ ಸಾಕು, ನಾಲಗೆ ಮುಂದಾಗುತ್ತದೆ. ಪರೀಕ್ಷೆಗೆ ಓದಿದ ಪುಟ ಕಣ್ಣಮುಂದೆ ಬಂತು. "ಗ್ಲ್ಯಾಂಡರ್ಸ್ ಇರಬಹುದು" ಎಂದುಬಿಟ್ಟೆ.

ಗ್ಲ್ಯಾಂಡರ್ಸ್ ಎಂಬ ಹೆಸರನ್ನು ಆ ಗಾಡಿಯವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅದು ಬಂದ ಕುದುರೆಗೆ ಚಿಕಿತ್ಸೆಯಿಲ್ಲ, ಸರಕಾರವೇ ಕೊಲ್ಲಿಸುತ್ತದೆ, ಪಕ್ಕದ ಕುದುರೆಗೂ ಹಿಡಿಯುತ್ತದೆ, ಮನುಷ್ಯರಿಗೂ ಬರುತ್ತದೆ ಎಂದು ತಂದೆ ತಾತಂದಿರಿಂದ ಕೇಳಿದ್ದರು. ನಾನು ನೋಡುತ್ತಿದ್ದಂತೆಯೇ ಒಬ್ಬೊಬ್ಬರಾಗಿ ತಮ್ಮ ಕುದುರೆಗಳನ್ನು ಬಿಚ್ಚಿಕೊಂಡು ದೂರ ಸರಿದರು. ಆ ಹಿರಿಯರು ಮಾತ್ರ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಆ ದಿನ ನನಗೆ ಗೊತ್ತಿಲ್ಲದೆ ಇದ್ದ ಒಂದು ಸಂಗತಿಯಿದೆ. ಕೆಮ್ಮುವ, ಏದುವ ಕುದುರೆಯನ್ನು ನೋಡಿ ಇದು ಯಾವ ರೋಗವೆಂದು ಬೇರ್ಪಡಿಸುವುದಕ್ಕೆ ಮನುಷ್ಯನಿಗೆ ಎರಡು ಸಾವಿರ ವರ್ಷ ಬೇಕಾಯಿತು.

ಪ್ರಾಚೀನ ರೋಮಿನಲ್ಲಿ ವೆಜೀಷಿಯಸ್ ಎಂಬವನು ಕುದುರೆ ಮತ್ತು ಹೇಸರಗತ್ತೆಗಳ ವೈದ್ಯದ ಬಗ್ಗೆ ಒಂದು ಗ್ರಂಥ ಬರೆದ. ಅದರಲ್ಲಿ 'ಮಾಲಿಯಸ್' ಎಂಬ ಅಂಟುರೋಗಗಳ ಗುಂಪು ಬರುತ್ತದೆ. ಮೂಗಿನಿಂದ ಕೀವು ಸುರಿಯುವುದು, ಉಸಿರು ಕಟ್ಟುವುದು, ಮೈಮೇಲೆ ಗಂಟು ಏಳುವುದು ಎಲ್ಲವೂ ಆ ಒಂದೇ ಹೆಸರಿನ ಕೆಳಗೆ. ಹೆಸರು ಒಂದಾಗಿದ್ದರೆ ಮದ್ದೂ ಒಂದೇ ಆಗುತ್ತದೆ, ಭಯವೂ ಒಂದೇ ಆಗುತ್ತದೆ. ನಂತರದ ಚರಿತ್ರೆಯೆಲ್ಲ ಈ ಗಂಟನ್ನು ಬಿಚ್ಚಿದ ಚರಿತ್ರೆ.

ಮೊದಲ ಎಳೆಯನ್ನು ಬಿಚ್ಚಿದವರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ವೈದ್ಯ ಸರ್ ಜಾನ್ ಫ್ಲೋಯರ್ ಒಬ್ಬ. ಅವನು ಮನುಷ್ಯರ ವೈದ್ಯ. ತಾನೇ ಉಬ್ಬಸದ ರೋಗಿ. ಕುದುರೆಗಳಲ್ಲಿ 'ಗಾಳಿ ಮುರಿದದ್ದು' ಎಂದು ಆ ನಾಡಿನವರು ಕರೆಯುತ್ತಿದ್ದ ರೋಗವೊಂದಿತ್ತು. ಜ್ವರವಿಲ್ಲ, ಮೇವು ಬಿಡುವುದಿಲ್ಲ, ಆದರೆ ಉಸಿರು ಹೊರಗೆ ಹಾಕಲು ಒದ್ದಾಡುತ್ತದೆ. ತನ್ನ ಹಾಗೆಯೇ ಏದುವ ಒಂದು ಹೆಣ್ಣುಕುದುರೆ ಸತ್ತಾಗ ಫ್ಲೋಯರ್ ಅದರ ಎದೆಯನ್ನು ಕೊಯ್ದು ನೋಡಿದ. ಶ್ವಾಸಕೋಶ ಗಾಳಿ ತುಂಬಿ ಉಬ್ಬಿಕೊಂಡಿತ್ತು, ಕುಗ್ಗುತ್ತಿರಲಿಲ್ಲ. 1698ರಲ್ಲಿ ಪ್ರಕಟವಾದ ತನ್ನ ಉಬ್ಬಸದ ಗ್ರಂಥದಲ್ಲಿ ಅವನು ಇದನ್ನು ಬರೆದ. ಕೀವಿಲ್ಲ, ಹುಣ್ಣಿಲ್ಲ, ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಸಿಕ್ಕಿಬಿದ್ದಿದೆ. ತನ್ನ ಎದೆಯೊಳಗೆ ಏನಾಗುತ್ತಿದೆಯೆಂದು ಒಬ್ಬ ರೋಗಿ ಕುದುರೆಯ ಎದೆಯಲ್ಲಿ ನೋಡಿ ತಿಳಿದುಕೊಂಡದ್ದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಆದರೆ ಸತ್ತ ಮೇಲೆ ಕೊಯ್ದು ನೋಡುವುದರಿಂದ ಸಂತೆಯಲ್ಲಿ ಕುದುರೆ ಕೊಳ್ಳುವವನಿಗೆ ಏನು ಲಾಭ? ಯುರೋಪಿನಲ್ಲಿ ಆಗ ಉಳುಮೆ, ಸಾಗಾಟ, ಯುದ್ಧ ಎಲ್ಲದಕ್ಕೂ ಕುದುರೆಯೇ ಬೇಕಿತ್ತು. ಏದುವ ಕುದುರೆಯನ್ನು ಮಾರುವ ದಲ್ಲಾಳಿಗಳು ಸೀಸದ ಗುಂಡು, ಕೊಬ್ಬುಗಳನ್ನು ತಿನ್ನಿಸಿ ಕೆಲವು ಗಂಟೆ ಉಸಿರಾಟ ಶಾಂತವಾಗಿ ಕಾಣುವಂತೆ ಮಾಡುತ್ತಿದ್ದರು. ಮನೆಗೆ ತಂದ ಮೇಲೆ ರೋಗ ಬಯಲಾಗುತ್ತಿತ್ತು. ಈ ವ್ಯಾಜ್ಯಗಳು ಎಷ್ಟು ಹೆಚ್ಚಾದವೆಂದರೆ ಫ್ರಾನ್ಸಿನಲ್ಲಿ 1838ರ ಮೇ 20ರಂದು ಅದಕ್ಕೆಂದೇ ಒಂದು ಕಾನೂನು ಬಂತು. ಗ್ಲ್ಯಾಂಡರ್ಸ್, ಉಬ್ಬಸ, ಹಳೆಯ ಎದೆರೋಗ, ಗಂಟಲಿನ ಗೊರಗೊರ ಇವುಗಳು ಕಂಡುಬಂದರೆ ಕೊಂಡವನು 9 ದಿನಗಳೊಳಗೆ ದಾವೆ ಹೂಡಬಹುದಿತ್ತು. ರೋಗ ಗುರುತಿಸುವುದು ಹೀಗೆ ನ್ಯಾಯಾಲಯದ ವಿಷಯವೂ ಆಯಿತು. ಡಾಕ್ಟರನ ಒಂದು ಮಾತಿನಿಂದ ಒಬ್ಬನಿಗೆ ಹಣ, ಇನ್ನೊಬ್ಬನಿಗೆ ನಷ್ಟ.

ಬದುಕಿರುವ ಎದೆಯೊಳಗನ್ನು ತಿಳಿಯುವ ದಾರಿಯನ್ನು ತೋರಿಸಿದ್ದು ಒಬ್ಬ ಛತ್ರದವನ ಮಗ. ಆಸ್ಟ್ರಿಯಾದ ಲಿಯೋಪೋಲ್ಡ್ ಆವೆನ್‌ಬ್ರುಗರ್ 1761ರಲ್ಲಿ, ರೋಗಿಯ ಎದೆಯನ್ನು ಬೆರಳತುದಿಯಿಂದ ಬಡಿದು ನಾದವನ್ನು ಕೇಳುವ ಕ್ರಮವನ್ನು ಪ್ರಕಟಿಸಿದ. ದ್ರಾಕ್ಷಾರಸದ ಪೀಪಾಯಿಯಲ್ಲಿ ಎಷ್ಟು ತುಂಬಿದೆಯೆಂದು ಬಡಿದು ನೋಡುತ್ತಿದ್ದುದು ಅವನ ತಂದೆಯ ಮನೆಯಲ್ಲಿ ದಿನನಿತ್ಯದ ಸಂಗತಿ ಎನ್ನುತ್ತಾರೆ. ಹಲಸಿನಹಣ್ಣನ್ನು ಬಡಿದು ಹಣ್ಣೋ ಕಾಯಿಯೋ ಎಂದು ಹೇಳುವ ನಮ್ಮ ಅಜ್ಜಿಯಂದಿರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಗಾಳಿ ಇರುವಲ್ಲಿ ನಾದ, ನೀರು ಕೀವು ತುಂಬಿದಲ್ಲಿ ಮೊದ್ದು ಸದ್ದು.

ಅದೇ ಸುಮಾರಿಗೆ ಕ್ಲೋಡ್ ಬೂರ್ಜೆಲಾ 1762ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ತೆರೆದ. ಕೆಲವು ವರ್ಷಗಳಲ್ಲಿ ಪ್ಯಾರಿಸಿನ ಬಳಿಯ ಆಲ್ಫೋರ್‌ನಲ್ಲಿ ಇನ್ನೊಂದು ಶಾಲೆ ಬಂತು. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್, ರೋಗಿಯ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚವಾಗಿ, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದ. ಸ್ಟೆತಾಸ್ಕೋಪು ಹುಟ್ಟಿತು. 1819ರಲ್ಲಿ ಪುಸ್ತಕವೂ ಬಂತು. 1826ರಲ್ಲಿ ಕ್ಷಯರೋಗದಿಂದ ತೀರಿಕೊಳ್ಳುವ ಮೊದಲು ಅವನು ಶ್ವಾಸಕೋಶದ ಒಂದೊಂದು ಸದ್ದಿಗೂ ಒಂದೊಂದು ಹೆಸರಿಟ್ಟಿದ್ದ. ಪಶುವೈದ್ಯರೂ ಬಡಿಯುವ, ಆಲಿಸುವ ಈ ವಿದ್ಯೆಯನ್ನು ಲಾಯಕ್ಕೆ ತಂದರು. ಕುದುರೆಯ ಪಕ್ಕೆಗೆ ಕಿವಿಯಿಡಲು ಸಂಕೋಚದ ಕಾರಣವಿರಲಿಲ್ಲ. ಹಾಗಾಗಿ ಬರಿಗಿವಿಯಿಂದ ಕೇಳುವ ಪದ್ಧತಿ ನಮ್ಮಲ್ಲಿ ಬಹುಕಾಲ ಉಳಿಯಿತು.

ಈ ವಿದ್ಯೆ ಕುದುರೆಯಲ್ಲಿ ಸುಲಭವಲ್ಲ. ಕುದುರೆಗೆ ಹದಿನೆಂಟು ಜೊತೆ ಪಕ್ಕೆಲುಬು. ಎದೆ ದೊಡ್ಡದು, ಸ್ನಾಯು ದಪ್ಪ. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಮಾತ್ರ ಉಸಿರಾಡುತ್ತದೆ, ಅದೂ ಎಷ್ಟು ಮೆಲ್ಲಗೆಂದರೆ ಒಳಗೆ ರೋಗವಿದ್ದರೂ ಸದ್ದು ಕೇಳಿಸದೆ ಹೋಗಬಹುದು. ಅದಕ್ಕಾಗಿ ಮೂಗಿನ ಹೊಳ್ಳೆಗಳಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡಾಗ ಉಸಿರು ದೀರ್ಘವಾಗುತ್ತದೆ, ಅಡಗಿದ್ದ ಸದ್ದು ಹೊರಗೆ ಬರುತ್ತದೆ. ಇನ್ನೊಂದು ವಿಶೇಷವೆಂದರೆ ಕುದುರೆ ಬಾಯಿಯಿಂದ ಉಸಿರಾಡಲಾರದು. ನಾಯಿ ಏದುವಂತೆ ಬಾಯಿ ತೆರೆದು ಅದು ತನ್ನ ಕಷ್ಟವನ್ನು ತೋರಿಸುವುದಿಲ್ಲ. ಹೊಳ್ಳೆ ಅರಳುವುದು, ಹೊಟ್ಟೆಯ ಬದಿ ಎರಡೆರಡು ಸಲ ಎತ್ತಿಕೊಳ್ಳುವುದು, ಇಷ್ಟರಿಂದಲೇ ನಾವು ತಿಳಿಯಬೇಕು.

ಉಬ್ಬಸ ಹೀಗೆ ಬೇರೆಯಾಯಿತು. ಗ್ಲ್ಯಾಂಡರ್ಸಿನ ಜಗಳ ಮಾತ್ರ ಮುಗಿಯಲಿಲ್ಲ. ಅದು ಅಂಟುರೋಗವೇ ಅಲ್ಲವೇ ಎಂಬುದರಲ್ಲಿಯೇ ಪಂಡಿತರಿಗೆ ಒಮ್ಮತವಿರಲಿಲ್ಲ. ಕೋಪನ್‌ಹೇಗನ್ನಿನ ಎರಿಕ್ ವಿಬೋರ್ಗ್ 1797ರಷ್ಟು ಹಿಂದೆಯೇ ಅಂಟುತ್ತದೆಂದು ಪ್ರಯೋಗದಿಂದ ತೋರಿಸಿದ್ದ. ಆದರೂ ಆಲ್ಫೋರ್ ಶಾಲೆಯ ಹಿರಿಯರು ದೀರ್ಘಕಾಲದ ಗ್ಲ್ಯಾಂಡರ್ಸ್ ಅಂಟುವುದಿಲ್ಲವೆಂದು ಹಟ ಹಿಡಿದರು; ಲಿಯೋನಿನವರು ಅಂಟುತ್ತದೆಂದರು. ಈ ವಾದ ನಡೆಯುತ್ತಿದ್ದಷ್ಟು ಕಾಲ ಸೈನ್ಯದ ಲಾಯಗಳಲ್ಲಿ ರೋಗದ ಕುದುರೆಯ ಪಕ್ಕದಲ್ಲಿಯೇ ಒಳ್ಳೆಯ ಕುದುರೆಯನ್ನು ಕಟ್ಟುತ್ತಿದ್ದರು. 1837ರಲ್ಲಿ ಪ್ಯಾರಿಸಿನ ಪಿಯರ್ ರಾಯೆ ಎಂಬ ವೈದ್ಯ ಈ ರೋಗ ಕುದುರೆಯಿಂದ ಮನುಷ್ಯನಿಗೂ ಬರುತ್ತದೆಂದು ತೋರಿಸಿದ. ಕುದುರೆಲಾಯದ ಆಳುಗಳು ಅದಕ್ಕೆ ಮೊದಲೇ ತಮ್ಮ ಪ್ರಾಣ ಕೊಟ್ಟು ತಿಳಿದಿದ್ದ ಸತ್ಯ ಅದು. ಲಂಡನ್ನಿನ ಪಶುವೈದ್ಯ ಕಾಲೇಜಿನ ಮೊದಲ ಮುಖ್ಯಸ್ಥ ಸೇಂಟ್ ಬೆಲ್ 1793ರಲ್ಲಿ ತೀರಿಕೊಂಡದ್ದೂ ಗ್ಲ್ಯಾಂಡರ್ಸಿನಿಂದಲೇ ಎನ್ನುತ್ತಾರೆ.

1882ರಲ್ಲಿ ಬರ್ಲಿನ್ನಿನ ಲೋಫ್ಲರ್ ಮತ್ತು ಷುಟ್ಸ್ ರೋಗಾಣುವನ್ನೇ ಹಿಡಿದರು. ಅಲ್ಲಿಗೆ ವಾದ ಮುಗಿಯಿತು. ಆದರೆ ಕಾಯಿಲೆ ಒಳಗಿದ್ದೂ ಹೊರಗೆ ಕಾಣದ ಕುದುರೆಯನ್ನು ಗುರುತಿಸುವುದು ಹೇಗೆ? 1890ರಲ್ಲಿ ಕಾಕ್ ಮಹಾಶಯ ಕ್ಷಯದ ರೋಗಾಣುವಿನಿಂದ ಟ್ಯೂಬರ್‌ಕ್ಯುಲಿನ್ ತೆಗೆದಂತೆ, ರಷ್ಯಾ ಸಾಮ್ರಾಜ್ಯದ ಇಬ್ಬರು ಪಶುವೈದ್ಯರು, ಹೆಲ್ಮನ್ ಮತ್ತು ಕಾಲ್ನಿಂಗ್, ಬೇರೆ ಬೇರೆ ಊರುಗಳಲ್ಲಿ ಗ್ಲ್ಯಾಂಡರ್ಸ್ ರೋಗಾಣುವಿನಿಂದ ಒಂದು ದ್ರವವನ್ನು ತಯಾರಿಸಿದರು. ಹಳೆಯ ಲ್ಯಾಟಿನ್ ಹೆಸರು ಮಾಲಿಯಸ್‌ನಿಂದ ಅದಕ್ಕೆ 'ಮ್ಯಾಲೀನ್' ಎಂದು ಹೆಸರಾಯಿತು. ಕೊಂದ ರೋಗಾಣುಗಳಿಂದ ತೆಗೆದ ಈ ದ್ರವದಿಂದ ಒಳ್ಳೆಯ ಕುದುರೆಗೆ ಏನೂ ಆಗುವುದಿಲ್ಲ. ರೋಗವಿದ್ದರೆ, ಕೆಳರೆಪ್ಪೆಗೆ ಒಂದು ಹನಿ ಚುಚ್ಚಿದಲ್ಲಿ ಎರಡು ದಿನದೊಳಗೆ ರೆಪ್ಪೆ ಊದಿಕೊಂಡು ಕಣ್ಣು ಮುಚ್ಚುತ್ತದೆ, ಕೀವು ಸುರಿಯುತ್ತದೆ. ಇದನ್ನು ತಯಾರಿಸುವಾಗ ರೋಗ ತಗಲಿ ಕಾಲ್ನಿಂಗ್ ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡ. ಇಂದಿಗೂ ಈ ಪರೀಕ್ಷೆ ಬಳಕೆಯಲ್ಲಿದೆ. ಅದರ ಒಂದೊಂದು ಹನಿಯ ಹಿಂದೆ ಒಂದು ಜೀವವಿದೆಯೆಂದು ನಾನು ವಿದ್ಯಾರ್ಥಿಯಾಗಿದ್ದಾಗ ನಮಗೆ ಯಾರೂ ಹೇಳಲಿಲ್ಲ.

ಪರೀಕ್ಷೆ ಬಂದ ಮೇಲೆ ರೋಗದ ಕುದುರೆಗಳನ್ನು ಹುಡುಕಿ ಕೊಲ್ಲುವ ಕ್ರಮ ದೇಶ ದೇಶಗಳಲ್ಲಿ ಬಂತು. ಬ್ರಿಟನ್ನಿನಲ್ಲಿ 1928ರ ಹೊತ್ತಿಗೆ ರೋಗ ಇಲ್ಲವಾಯಿತು. ಇದೇ ರೋಗಾಣುವನ್ನು ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗುಪ್ತಚರರು ಅಮೆರಿಕದಿಂದ ಯುರೋಪಿಗೆ ಹೋಗುತ್ತಿದ್ದ ಕುದುರೆಗಳಿಗೆ ಹಚ್ಚಿದ್ದೂ ಉಂಟು. ನಮ್ಮ ದೇಶದಲ್ಲಿ 1889ರಲ್ಲಿ ಪುಣೆಯಲ್ಲಿ ಜಾನುವಾರು ರೋಗಗಳ ಪ್ರಯೋಗಶಾಲೆ ಆರಂಭವಾಗಿ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. 1899ರಲ್ಲಿ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಬಂತು. ರೋಗದ ಕುದುರೆಯನ್ನು ಹಿಡಿದು ಕೊಲ್ಲಿಸುವ ಅಧಿಕಾರ ಆ ಕಾಯಿದೆಯದ್ದು. 2009ರ ಹೊಸ ಕಾಯಿದೆ ಬರುವ ತನಕ ನೂರ ಹತ್ತು ವರ್ಷ ಅದು ಜಾರಿಯಲ್ಲಿತ್ತು. ಮೈಸೂರಿನ ಆ ಗಾಡಿಯವರಿಗೆ ಗೊತ್ತಿದ್ದದ್ದು ಇದೇ ಕಾನೂನು.

ಈಗ ಆ ಬಿಳಿ ಕುದುರೆಗೆ ಮರಳೋಣ. ಮಧ್ಯಾಹ್ನ ನಾನು ನಡೆದದ್ದನ್ನು ನನ್ನ ಗುರುಗಳಿಗೆ ತಿಳಿಸಿದೆ. ಅವರು ಬೈಯಲಿಲ್ಲ. "ಮೂಗಿನೊಳಗೆ ಟಾರ್ಚು ಹಾಕಿ ನೋಡಿದೆಯಾ?" ಎಂದು ಕೇಳಿದರು. ಇಲ್ಲವೆಂದೆ. "ದವಡೆಯ ಕೆಳಗೆ ಗಂಟು ಮುಟ್ಟಿ ನೋಡಿದೆಯಾ? ಪಕ್ಕೆಗೆ ಕಿವಿಯಿಟ್ಟೆಯಾ? ಕಟ್ಟುವ ಜಾಗ ನೋಡಿದೆಯಾ?" ಎಲ್ಲದಕ್ಕೂ ಇಲ್ಲ. "ಹಾಗಾದರೆ ಯಾವುದನ್ನು ನೋಡಿ ಹೇಳಿದೆ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಸಾಯಂಕಾಲ ಇಬ್ಬರೂ ಹೋದೆವು. ಕುದುರೆ ಮನೆಯ ಹಿಂದಿನ ಕಿಟಕಿಯಿಲ್ಲದ ಲಾಯದಲ್ಲಿತ್ತು. ಮೂಲೆಯಲ್ಲಿ ಮಳೆಗೆ ನೆನೆದು ಒಣಗಿದ ಹುಲ್ಲಿನ ರಾಶಿ. ಕೈಯಾಡಿಸಿದರೆ ಬೂದಿಯಂಥ ಬೂಷ್ಟಿನ ಧೂಳು ಎದ್ದಿತು. ಗುರುಗಳು ನನ್ನ ಸ್ಟೆತಾಸ್ಕೋಪನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು, "ಮೊದಲು ಕಿವಿ ಇಡು" ಎಂದರು. ಬೆವರಿನ ವಾಸನೆಯ ಬೆಚ್ಚಗಿನ ಪಕ್ಕೆಗೆ ಕಿವಿಯಿಟ್ಟೆ. ಉಸಿರು ಹೊರಗೆ ಬರುವಾಗ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು. ಹೊಟ್ಟೆಯ ಬದಿ ಒಮ್ಮೆ ಎತ್ತಿ, ಮುಗಿಯಿತೆನ್ನುವಷ್ಟರಲ್ಲಿ ಇನ್ನೊಮ್ಮೆ ಎತ್ತುತ್ತಿತ್ತು. ಬಹುಕಾಲ ಹೀಗೆ ಒದ್ದಾಡಿದ ಕುದುರೆಯ ಪಕ್ಕೆಯ ಕೆಳಗಿನ ಸ್ನಾಯು ಬಲಿತು ಒಂದು ಗೆರೆ ಮೂಡುತ್ತದೆ, ಅದೂ ಇತ್ತು. ಮೂಗಿನ ನಡುಗೋಡೆಯಲ್ಲಿ ಹುಣ್ಣಿರಲಿಲ್ಲ, ದವಡೆಯ ಕೆಳಗೆ ಗಟ್ಟಿ ಗಂಟಿರಲಿಲ್ಲ, ಜ್ವರವಿರಲಿಲ್ಲ. ಮೂರು ಶತಮಾನದ ಹಿಂದೆ ಫ್ಲೋಯರ್ ಕಂಡ ಉಬ್ಬಸವೇ ಇದು. ಹುಲ್ಲಿನ ಬೂಷ್ಟಿನಿಂದ ಬಂದದ್ದು.

ಆದರೂ ನಾನು ಆಡಿದ ಮಾತನ್ನು ಅಳಿಸಲು ಮ್ಯಾಲೀನ್ ಪರೀಕ್ಷೆ ಮಾಡಲೇಬೇಕಾಯಿತು. ಔಷಧ ತರಿಸುವುದಕ್ಕೆ ಎಂಟು ಹತ್ತು ದಿನ ಹಿಡಿಯಿತು. ಚುಚ್ಚಿದ ಮೇಲೆ ಎರಡು ದಿನ ಬೆಳಿಗ್ಗೆ ಸಂಜೆ ಹೋಗಿ ಆ ಕಣ್ಣನ್ನೇ ನೋಡುತ್ತಿದ್ದೆ. ರೆಪ್ಪೆ ಊದಲಿಲ್ಲ. ಹುಲ್ಲನ್ನು ನೀರಿನಲ್ಲಿ ನೆನೆಸಿ ಹಾಕಲು, ಹಾಸಿಗೆಯ ಹುಲ್ಲನ್ನು ತೆಗೆಯಲು, ಕುದುರೆಯನ್ನು ಹೊರಗೆ ಮರದ ಕೆಳಗೆ ಕಟ್ಟಲು ಗುರುಗಳು ಹೇಳಿದರು. ಮೂರು ವಾರದಲ್ಲಿ ಕೆಮ್ಮು ಬಹಳ ಕಡಿಮೆಯಾಯಿತು.

ಅಷ್ಟರಲ್ಲಿ ಆ ಟಾಂಗಾದಲ್ಲಿ ದಿನಾಲೂ ಶಾಲೆಗೆ ಹೋಗುತ್ತಿದ್ದ ಆರು ಮಕ್ಕಳನ್ನು ಅವರ ಮನೆಯವರು ಆಟೋರಿಕ್ಷಾಕ್ಕೆ ಒಪ್ಪಿಸಿದ್ದರು. ನಿಲ್ದಾಣದಲ್ಲಿ ಬೇರೆಯವರು ಆ ಗಾಡಿಯನ್ನು ಸಾಲಿನಲ್ಲಿ ನಿಲ್ಲಿಸಲು ಬಿಡುತ್ತಿರಲಿಲ್ಲ. ರೋಗವಿಲ್ಲವೆಂದು ನಾನೇ ಹೋಗಿ ಹೇಳಿದೆ. ತಲೆಯಾಡಿಸಿದರು, ಆದರೆ ಜಾಗ ಬಿಡಲಿಲ್ಲ. ನಾನು ಮೈಸೂರು ಬಿಡುವ ಮೊದಲು ಆ ಹಿರಿಯರನ್ನು ಕಂಡು ಕ್ಷಮೆ ಕೇಳಿದೆ. ಅವರು "ಕುದುರೆ ವಾಸಿಯಾಯ್ತಲ್ಲ ಸ್ವಾಮಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮಕ್ಕಳು ಮಾತ್ರ ತಿರುಗಿ ಬರಲಿಲ್ಲ" ಎಂದರು. ನನ್ನನ್ನು ದೂರುವ ಧ್ವನಿ ಅದರಲ್ಲಿರಲಿಲ್ಲ. ಅದಕ್ಕೇ ಇರಬೇಕು, ಇಂದಿಗೂ ಮರೆತಿಲ್ಲ.

ಆಮೇಲೆ ಈ ವಿದ್ಯೆ ಬಹಳ ಮುಂದುವರಿಯಿತು. ಬಾಗುವ ಎಂಡೋಸ್ಕೋಪು ಬಂದ ಮೇಲೆ ಕುದುರೆಯ ಶ್ವಾಸನಾಳದೊಳಗನ್ನು ಕಣ್ಣಿನಿಂದಲೇ ನೋಡಲು ಸಾಧ್ಯವಾಯಿತು. ಪಂದ್ಯದಲ್ಲಿ ಓಡಿದ ಕುದುರೆಗಳಲ್ಲಿ ಮೂಗಿನಿಂದ ರಕ್ತ ಬರುವುದು ಅಪರೂಪವೆಂದು ಎಲ್ಲರೂ ತಿಳಿದಿದ್ದರು. 1970-80ರ ದಶಕಗಳಲ್ಲಿ ಒಳಗೆ ನೋಡಿದಾಗ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕುದುರೆಗಳ ಶ್ವಾಸಕೋಶದಿಂದ ರಕ್ತ ಒಸರುವುದು ಕಂಡಿತು. ಶ್ವಾಸಕೋಶವನ್ನು ಸ್ವಲ್ಪ ಉಪ್ಪುನೀರಿನಿಂದ ತೊಳೆದು, ಆ ನೀರಿನ ಜೀವಕೋಶಗಳನ್ನು ಎಣಿಸುವ ಕ್ರಮವೂ ಬಂತು. ಆರೋಗ್ಯವಂತ ಕುದುರೆಯಲ್ಲಿ ನೂರಕ್ಕೆ ಐದರಷ್ಟೂ ಇಲ್ಲದ ನ್ಯೂಟ್ರೋಫಿಲ್ ಕೋಶಗಳು ಉಬ್ಬಸ ಬಲಿತ ಕುದುರೆಯಲ್ಲಿ ಇಪ್ಪತ್ತೈದನ್ನು ದಾಟುತ್ತವೆ. 2016ರಲ್ಲಿ ತಜ್ಞರು ಸೇರಿ ಈ ರೋಗಕ್ಕೆ 'ಕುದುರೆಯ ಆಸ್ತಮಾ' ಎಂದೇ ಹೆಸರಿಡುವುದು ಸರಿಯೆಂದರು. ತನ್ನ ಉಬ್ಬಸವನ್ನೂ ಕುದುರೆಯ ಉಬ್ಬಸವನ್ನೂ ಒಟ್ಟಿಗೆ ಇಟ್ಟು ನೋಡಿದ ಫ್ಲೋಯರ್‌ಗೆ ಈ ಹೆಸರು ಒಪ್ಪಿಗೆಯಾಗುತ್ತಿತ್ತು.

ಗ್ಲ್ಯಾಂಡರ್ಸ್ ಕೂಡ ನಮ್ಮ ದೇಶದಿಂದ ಹೋಗಲಿಲ್ಲ. ಕೆಲವು ವರ್ಷ ಕಾಣದೆ ಇದ್ದದ್ದು 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿಕೊಂಡಿತು. ಈಗ ಹರಿಯಾಣದ ಹಿಸಾರಿನ ಅಶ್ವ ಸಂಶೋಧನಾ ಕೇಂದ್ರ ರಕ್ತಪರೀಕ್ಷೆಯಿಂದಲೇ ಅದನ್ನು ಗುರುತಿಸುತ್ತದೆ. ಇಟ್ಟಿಗೆಗೂಡುಗಳಲ್ಲಿ ದುಡಿಯುವ, ಮದುವೆ ಮೆರವಣಿಗೆಗೆ ಹೋಗುವ ಕುದುರೆಗಳ ಮಾಲಿಕರು ಬಡವರು. ಅವರಿಗೆ ಆ ವರದಿಯ ಒಂದು ಸಾಲು ಇಡೀ ಸಂಸಾರದ ವಿಷಯ.

ಕೊನೆಗೆ ನಮ್ಮ ಊರಿಗೇ ಹತ್ತಿರದ ಒಂದು ಸಂಗತಿ. 1994ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಹೆಂಡ್ರಾ ಎಂಬಲ್ಲಿ ಒಂದು ಲಾಯದ ಕುದುರೆಗಳು ಮೂಗಿನಲ್ಲಿ ನೊರೆ ಬಂದು, ಉಸಿರು ಕಟ್ಟಿ ಒಂದರ ಹಿಂದೆ ಒಂದು ಸತ್ತವು. ಅವುಗಳನ್ನು ಪಳಗಿಸುತ್ತಿದ್ದವರೂ ಸತ್ತರು. ವಿಷವೇ, ಆಫ್ರಿಕಾದ ಕುದುರೆರೋಗವೇ ಎಂದು ಮೊದಲು ಸಂಶಯಪಟ್ಟರು. ಸತ್ತ ಕುದುರೆಗಳ ಶ್ವಾಸಕೋಶವನ್ನು ಪರೀಕ್ಷಿಸಿದ ವಿಜ್ಞಾನಿಗಳು ಎರಡೂ ಅಲ್ಲ, ಇದೊಂದು ಹೊಸ ವೈರಸ್ ಎಂದು ಕೆಲವೇ ದಿನಗಳಲ್ಲಿ ಕಂಡುಹಿಡಿದರು. ಮೂಲ ಹುಡುಕಿದಾಗ ಹಣ್ಣು ತಿನ್ನುವ ಬಾವಲಿ ಸಿಕ್ಕಿತು. ನಾಲ್ಕೈದು ವರ್ಷದಲ್ಲಿ ಮಲೇಷ್ಯಾದಲ್ಲಿ ಅದರ ಹತ್ತಿರದ ಬಂಧುವೊಂದು ಹಂದಿಗಳ ಮೂಲಕ ಮನುಷ್ಯರಿಗೆ ಬಂತು. ಅದರ ಹೆಸರು ನಿಪಾ. 2018ರ ಮೇ ತಿಂಗಳಲ್ಲಿ ಅದೇ ನಿಪಾ ಕೋಯಿಕ್ಕೋಡಿನ ಪೇರಾಂಬ್ರಕ್ಕೆ ಬಂದು, ರೋಗಿಯನ್ನು ಆರೈಕೆ ಮಾಡಿದ ನರ್ಸಮ್ಮನೂ ಸೇರಿ 17 ಮಂದಿ ತೀರಿಕೊಂಡರು. ಕುದುರೆಲಾಯದಿಂದ ಆರಂಭವಾದ ತಿಳಿವಳಿಕೆ ಮಲಬಾರಿನಲ್ಲಿ ರೋಗವನ್ನು ಬೇಗನೆ ಹೆಸರಿಸಿ ತಡೆಯುವುದಕ್ಕೆ ನೆರವಾಯಿತೆಂಬುದನ್ನು ನಾವು ನೆನೆಯಬೇಕು.

ಆದರೆ ಹೆಸರು ಹೊರಗೆ ಬಿದ್ದ ಮೇಲೆ ಏನಾಯಿತೆಂಬುದನ್ನೂ ನೋಡಿದೆವು. ಆರೈಕೆ ಮಾಡಿದವರನ್ನೇ ಜನ ದೂರವಿಟ್ಟರೆಂದು ಪತ್ರಿಕೆಗಳಲ್ಲಿ ಓದಿದೆವು. 2020ರ ಮಾರ್ಚಿನಲ್ಲಿ ಇನ್ನೊಂದು ಶ್ವಾಸಕೋಶದ ರೋಗದ ಹೆಸರಿಗೆ ಹೆದರಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದ ದಿನಗಳನ್ನು ಈ ಸಂಚಿಕೆಯ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ, ಆ ರೋಗವೇ ಇಲ್ಲದ ನಮ್ಮವರು ಆಂಬುಲೆನ್ಸಿನಲ್ಲಿ ಗಡಿಯ ಬಳಿ ಕಾದರು. ಕೆಲವರು ಆ ದಿನಗಳಲ್ಲಿ ತೀರಿಯೂ ಹೋದರು. ಟಾಂಗಾ ನಿಲ್ದಾಣದಲ್ಲಿ ಬಿಳಿ ಕುದುರೆಗೆ ಜಾಗ ಕೊಡದಿದ್ದವರ ಮುಖಗಳು ನನಗೆ ಆಗ ನೆನಪಾದವು.

ರೋಗಕ್ಕೆ ಸರಿಯಾದ ಹೆಸರು ಹುಡುಕುವುದಕ್ಕಾಗಿ ಕಾಲ್ನಿಂಗನಂಥವರು ಪ್ರಾಣ ಕೊಟ್ಟರು. ಅಂಥ ಹೆಸರನ್ನು ಪಕ್ಕೆಗೆ ಕಿವಿಯಿಡದೆ, ಬೀದಿಯಲ್ಲಿ ನಿಂತು ಹೇಳಿದ ತಪ್ಪು ನನ್ನದು. ಅದಾದ ಮೇಲೆ ಕಾಸರಗೋಡಿನ ಯಾವ ಹಟ್ಟಿಗೆ ಹೋದರೂ ಮನೆಯವರು "ಏನು ಡಾಕ್ಟ್ರೇ?" ಎಂದು ಕೇಳಲಿ, "ಎಂದಾ ಡಾಕ್ಟರೇ?" ಎಂದು ಕೇಳಲಿ, ನಾನು ಮೊದಲು ಬಗ್ಗಿ ಪಕ್ಕೆಗೆ ಕಿವಿಯಿಡುತ್ತಿದ್ದೆ. ಡಾಕ್ಟರ ಬಳಿ ಸ್ಟೆತಾಸ್ಕೋಪು ಇಲ್ಲವೆಂದು ಕೆಲವರು ನಕ್ಕದ್ದೂ ಉಂಟು. ಅದು ಚೀಲದಲ್ಲಿಯೇ ಇತ್ತು. ಅದರ ಸರದಿ ಆಮೇಲೆ ಬರುತ್ತಿತ್ತು.